ಕೊಕ್ಕೆಯ ಬಾಲ

ಉಕ್ಕು ಮುರಿದ ಮುಖದಲ್ಲಿ ಸಕ್ಕರೆಯ ಹರಳಿನಂಥ ಹೊಳಪಿತ್ತು. ಬೆರಳು ದಪ್ಪದ ಉಕ್ಕಿನ ತುಂಡು ಎರಡಾಗಿದ್ದರೂ ಎಲ್ಲಿಯೂ ಬಾಗಿರಲಿಲ್ಲ. ಅರ್ಧಗಳನ್ನು ಜೋಡಿಸಿ ಹಿಡಿದರೆ ನಡುವೆ ಒಂದು ಗೆರೆ ಮಾತ್ರ ಕಾಣುತ್ತಿತ್ತು.

ಅದು ಅಪ್ಪನ ಕೊಕ್ಕೆಯ ತುಂಡು. ಅಪ್ಪ ಕಟ್ಟಡದ ಕೆಲಸದಲ್ಲಿ ಕ್ರೇನಿಗೆ ಭಾರ ಕಟ್ಟುವವರು. ಯಾದಗಿರಿಯಿಂದ ಪುಣೆಗೆ ಬಂದ ಹೊಸದರಲ್ಲಿ ಹಳೆಯ ಲಾರಿಯ ಅಚ್ಚಿನಿಂದ ಕಮ್ಮಾರನ ಹತ್ತಿರ ಮಾಡಿಸಿಕೊಂಡ ಆ ಕೊಕ್ಕೆಯನ್ನು ಬಿಟ್ಟು ಬೇರೆ ಯಾವುದನ್ನೂ ಅವರು ನಂಬುತ್ತಿರಲಿಲ್ಲ. ಈ ಚಳಿಗಾಲಕ್ಕೆ ಅವರ ತಂಡಕ್ಕೆ ಹಿಮಾಚಲದಲ್ಲಿ ಸೇತುವೆಯ ಕೆಲಸ ಸಿಕ್ಕಿತ್ತು. ಬಟ್ಟೆಗಿಂತ ಮೊದಲು ಕೊಕ್ಕೆ ಚೀಲ ಸೇರಿತ್ತು.

ನಾನು ಪುಣೆ ಬಳಿಯ ರಾಂಜಣಗಾಂವದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಉಕ್ಕನ್ನು ಮುರಿದು ಪರೀಕ್ಷಿಸುತ್ತೇನೆ. ಗಟ್ಟಿ ಉಕ್ಕು ಚಳಿಯಲ್ಲಿ ಹೇಗೆ ವರ್ತಿಸುತ್ತದೆಂದು ಬಲ್ಲೆ. ಕೊಕ್ಕೆಯ ಹಿಂಬದಿಯಲ್ಲಿ ಕೆಲಸಕ್ಕೆ ಬಾರದೆ ಉಳಿದಿದ್ದ ಬಾಲವನ್ನು ಪರೀಕ್ಷೆಗೆಂದು ಕೇಳಿದಾಗ ಅಪ್ಪ ಯೋಚಿಸಿ, "ಬಾಲ ಕೊಯ್ಕೊ. ತಲಿ ಮುಟ್ಟಬ್ಯಾಡ" ಅಂದರು.

ಬಾಲದಿಂದ ಮೂರು ತುಂಡು ಮಾಡಿ, ಪ್ರತಿಯೊಂದರ ನಡುವೆ ಒಂದೇ ಅಳತೆಯ ಕಚ್ಚು ಹಾಕಿಸಿದೆ. ಮೊದಲನೆಯದನ್ನು ಯಂತ್ರದಲ್ಲಿ ನಿಧಾನವಾಗಿ ಒತ್ತಿದೆ, ಬಾಗಿತು. ಎರಡನೆಯದಕ್ಕೆ ತೂಗುವ ಸುತ್ತಿಗೆಯಿಂದ ಒಮ್ಮೆಲೇ ಹೊಡೆತ ಬಿತ್ತು. ಮುರಿಯಿತು, ಆದರೆ ಬಟ್ಟೆ ಹರಿದಂತೆ, ಸುತ್ತಿಗೆಯನ್ನು ಸಾಕಷ್ಟು ತಡೆದು. ಮೂರನೆಯದನ್ನು ಆ ಬೆಟ್ಟದ ರಾತ್ರಿಗಳಷ್ಟು ತಣ್ಣಗೆ ಮಾಡಿ, ಇಕ್ಕಳದಿಂದ ಎತ್ತಿಟ್ಟು, ಬಿಸಿಯೇರುವ ಮೊದಲೇ ಹೊಡೆದೆ. ತುಂಡು ಬಾಗದೆ ಎರಡಾಯಿತು, ಅಡ್ಡ ಏನೂ ಇರಲಿಲ್ಲವೆಂಬಂತೆ ಸುತ್ತಿಗೆ ಆಚೆ ಎತ್ತರಕ್ಕೇರಿತು.

ಸಂಜೆ ತುಂಡುಗಳನ್ನು ಅಪ್ಪನ ಮುಂದಿಟ್ಟು, ಯಾವುದು ಹೇಗಾಯಿತೆಂದು ಹೇಳಿದೆ.

"ನಾ ಒಮ್ಮೆಲೇ ಎತ್ತಸಂಗಿಲ್ಲವ್ವಾ. ಸಾವಕಾಶ ಎತ್ತಸ್ತೀನಿ," ಎಂದರು ಅಪ್ಪ.

"ಸಡಿಲಿದ್ದ ಹಗ್ಗ ಬಿಗಿ ಆಗೂಮುಂದ ಜಗ್ಗತದಲ್ಲಪ್ಪಾ? ಗಾಳಿಗೆ ಭಾರ ಹೊಯ್ದಾಡಿದ್ರ? ಇಲ್ಲಿ ತಡಕೊಂಡದ. ಅಲ್ಲಿ ಥಂಡಿ, ಮ್ಯಾಲೆ ಜಗ್ಗು. ಎರಡೂ ಕೂಡಿದ್ರ ಬಾಗಂಗೇ ಇಲ್ಲ, ಸೀದಾ ಮುರಿತದ."

"ಇಷ್ಟ್ ವರ್ಷ ಒಂದ್ ಗೆರಿ ಬಿದ್ದಿಲ್ಲ ಇದಕ್ಕ."

ಅವ್ವ ರೊಟ್ಟಿ ಬಡಿಯುತ್ತಲೇ ಅಂದಳು: "ನಿಮ್ಮ ಮೊಣಕಾಲ್ರೀ? ಬ್ಯಾಸಗ್ಯಾಗ ಕುಣಿತಾವ, ಥಂಡಿ ಬಿದ್ರ ಕಟಕಟ ಅಂತಾವ. ಅದಕ್ಕೊಂದು ಪರೀಕ್ಷಾ ಮಾಡಸ್ರಿ."

ಅಪ್ಪ ನಗಲಿಲ್ಲ. ಹೊಳೆಯುವ ತುಂಡಿನ ಮುಖದ ಮೇಲೆ ಹೆಬ್ಬೆರಳು ಆಡಿಸಿದರು. ಆ ಕೊಕ್ಕೆಯ ಕೆಳಗೆ ಅವರು ನಿಂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ.

"ಅಲ್ಲಿ ಕಂಪನಿ ಕೊಕ್ಕಿ ಕೊಡ್ತದಂತ?" ಎಂದೆ.

"ಕೊಡ್ತದ. ಥಂಡಿಗಂತ ಮಾಡಿದ್ದು ಅಂತಾರ. ಕೈಗೆ ಹೊಂದಬೇಕಲ್ಲ," ಎಂದು ಎದ್ದುಹೋದರು.

ಮರುದಿನ ನಾನೇಳುವಷ್ಟರಲ್ಲಿ ಅವರು ಸ್ಟೇಶನ್ನಿಗೆ ಹೊರಟುಹೋಗಿದ್ದರು. ಚೀಲ ಸೇರಿದ್ದ ಕೊಕ್ಕೆ ಈಗ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ನಾನು ಕೊಯ್ದಿದ್ದ ಜಾಗದಲ್ಲಿ ಆಗಲೇ ತುಕ್ಕಿನ ಕೆಂಪು ಮೂಡುತ್ತಿತ್ತು. ಕೊಕ್ಕೆ ಇಳಿಸಿ, ಅಲ್ಲಿ ಉಜ್ಜಿ, ಎಣ್ಣೆ ಹಚ್ಚಿ, ಮತ್ತೆ ಅದೇ ಮೊಳೆಗೆ ಹಾಕಿ ಕಾರ್ಖಾನೆಯ ಬಸ್ಸು ಹಿಡಿದೆ.