ಕಲ್ಲು ಹಾಸುವವರ ಸ್ವಂತ ಅಂಗಳ

ಬೆಳಗಿನ ಆರು ಗಂಟೆ. ಅತ್ತಿಗುಂಡಿಯ ಹೋಂಸ್ಟೇ ಒಂದರ ಹಿತ್ತಿಲಲ್ಲಿ ಚನ್ನಕೇಶವ ಕುಕ್ಕರಗಾಲಲ್ಲಿ ಕೂತು ಕಲ್ಲಿಗೆ ಕಿವಿ ಕೊಟ್ಟಿದ್ದಾರೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ. ‘ಟಣ್’ ಅಂದರೆ ಗಟ್ಟಿ, ‘ಡಬ್’ ಅಂದರೆ ಒಳಗೆ ಬಿರುಕು. ಇಲ್ಲಿ ಹಾಸಿ ಉಳಿದ ಇಪ್ಪತ್ತೈದು ಚಪ್ಪಡಿಗಳಲ್ಲಿ ಎರಡು ಡಬ್ ಅನ್ನುತ್ತವೆ. “ಸುಮ್ನೆ ತಗೊಂಡು ಹೋಗು ಮಾರಾಯ” ಎಂದು ಮಾಲೀಕ ಜಯದೇವಪ್ಪ ಹೇಳಿದರೂ ಇವರು ಕೇಳುವ ಆಸಾಮಿಯಲ್ಲ. “ಕೆಲಸದ ಜಾಗದ ಕಲ್ಲು ಪುಕ್ಕಟೆ ನಮ್ಮನೆಗೆ ಹೋದ್ರೆ, ನಾಳೆ ಯಾರು ನಂಬ್ತಾರೆ?” ಎಂದು ಬಿರುಕಿನ ಎರಡನ್ನು ಅಲ್ಲೇ ಬಿಟ್ಟು, ಉಳಿದವನ್ನು ದುಡ್ಡು ಕೊಟ್ಟೇ ಜೀಪಿಗೆ ಏರಿಸುತ್ತಾರೆ.

ಮೂಡಿಗೆರೆ ಬಳಿಯ ಎಸ್ಟೇಟ್ ಕೂಲಿಕಾರರ ಲೈನ್‌ಮನೆಯಲ್ಲಿ ಹುಟ್ಟಿದ ಇವರಿಗೆ ಈಗ ಐವತ್ತೆಂಟು. ಮೂವತ್ತು ವರ್ಷದಿಂದ ಕಂಡವರ ಅಂಗಳಕ್ಕೆಲ್ಲ ಕಲ್ಲು ಹಾಸಿದ್ದಾರೆ. ದಿನಕ್ಕೆ ನಲವತ್ತು ಚಪ್ಪಡಿ ಎತ್ತಿ ಇಳಿಸಿ ಮೊಣಕಾಲು ಸವೆದಿದೆ. ಸ್ವಂತ ಮನೆ ಮುಂದೆ ಮಾತ್ರ ಬರೀ ಕೆಸರು. ಹೋದ ಮಳೆಗಾಲದಲ್ಲಿ ಹೆಂಡತಿ ಪಾಪಮ್ಮ ಅದೇ ಕೆಸರಲ್ಲಿ ಜಾರಿ ಕಾಲು ಮುರಿದುಕೊಂಡರು. ಆಮೇಲೆ ನಾಲ್ಕು ಹನಿ ಬಿದ್ದರೂ ಹೊಸಲು ದಾಟುವುದಿಲ್ಲ. “ಊರಿಗೆಲ್ಲ ಹಾಸಿದವನ ಹೆಂಡ್ತಿ ಕೆಸರಲ್ಲಿ ಬೀಳೋದಾ? ನಾಚಿಕೆ ಆಯ್ತು ನಂಗೆ” ಎನ್ನುತ್ತಾರೆ ಚನ್ನಕೇಶವ.

ಈಗ ಹೊಸ ಚಿಂತೆ. ಹನ್ನೆರಡಡಿ ಉದ್ದ, ಎಂಟಡಿ ಅಗಲದ ಅಂಗಳಕ್ಕೆ ಎರಡಡಿ ಚೌಕದ ಕಲ್ಲು ಇಪ್ಪತ್ನಾಲ್ಕು ಬೇಕು. ಜೀಪಿನಲ್ಲಿರೋದು ಇಪ್ಪತ್ಮೂರು. ಈ ಬೂದುಗಲ್ಲಿನ ಕ್ವಾರಿ ಮುಚ್ಚಿದೆ, ಮಳೆ ಇನ್ನೇನು ಬಂತು. ಒಂದೇ ಒಂದು ಕಲ್ಲಿನ ಜಾಗ ಕೆಸರಾಗಿ ಉಳಿದರೂ ಪಾಪಮ್ಮನ ಕಾಲು ಸರಿಯಾಗಿ ಅಲ್ಲೇ ಬೀಳುತ್ತದೆ ಅನ್ನುವುದು ಇವರ ಭಯ.

ಮನೆ ಮುಂದೆ ಕಲ್ಲಿಳಿಸಿ, ಸಪ್ಪೆ ಮೋರೆ ಹಾಕಿಕೊಂಡು ವಿಷಯ ಹೇಳುತ್ತಾರೆ. ಪಾಪಮ್ಮ ಒಮ್ಮೆ ಅಂಗಳ ನೋಡಿ ಬಿದ್ದು ಬಿದ್ದು ನಗುತ್ತಾರೆ.

“ಅಲ್ರೀ, ತುಳಸಿಕಟ್ಟೆ ಅಡಿಗೂ ಕಲ್ಲು ಹಾಸ್ತೀರಾ?”

ಬಾಗಿಲೆದುರಿಗೆ ಎರಡಡಿ ಚೌಕದ ಕಟ್ಟೆ ಕಣ್ಣಿಗೆ ಹೊಡೆಯುವಂತೆ ನಿಂತಿದೆ! ಬೇರೆಯವರ ಮನೆಯಲ್ಲಾದರೆ ಕಟ್ಟೆಯ ಅಳತೆ ಕಳೆದ ಮೇಲೆಯೇ ಇವರು ಕಲ್ಲಿನ ಲೆಕ್ಕ ಹೇಳುವುದು. “ಅಯ್ಯೋ, ಬದುಕಿದೆ ಮಾರಾಯ್ತಿ!” ಎಂದು ಚನ್ನಕೇಶವ ಕಲ್ಲಿನ ರಾಶಿಯ ಮೇಲೆಯೇ ಕೂತುಬಿಡುತ್ತಾರೆ.

ಜಾರದ ಹಾಗೆ ಒರಟು ಮುಖ ಮೇಲೆ ಮಾಡಿ, ಎರಡೇ ದಿನದಲ್ಲಿ ಹಾಸಿ ಮುಗಿಸಿದ್ದಾಯಿತು. ಮೂರನೆಯ ಬೆಳಗ್ಗೆ ಮಳೆ ಶುರು. ಪಾಪಮ್ಮ ತಲೆಗೆ ಸೆರಗು ಹೊದ್ದು ಅಂಗಳಕ್ಕಿಳಿದು, ತುಳಸಿಗೆ ಹೂವಿಟ್ಟು, ಯಾರ ಕೈಯನ್ನೂ ಹಿಡಿಯದೆ ವಾಪಸ್ ಬರುತ್ತಾರೆ. ಜಗಲಿಯಲ್ಲಿ ಕಾಫಿ ಲೋಟ ಹಿಡಿದ ಚನ್ನಕೇಶವ ಆಗಷ್ಟೇ ಉಸಿರು ಬಿಡುತ್ತಾರೆ.

“ಎಷ್ಟೋ ಅಂಗಳ ಹಾಸಿದೆ. ಮಳೇಲಿ ಹೆಂಗೆ ಕಾಣ್ತವೆ ಅಂತ ಒಂದನ್ನೂ ನೋಡಿರ್ಲಿಲ್ಲ. ಇದೊಂದನ್ನ ಕೂತು ನೋಡ್ತಾ ಇದೀನಿ.”