ಅಳಿಸಿದ ಹೆಸರಿನ ಗೂಡು

ಪತ್ರಿಕೆಯಿಂದ ನಿವೃತ್ತನಾದ ಮೇಲೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಪ್ರೋಗ್ರಾಮಿಂಗ್ ಕ್ಲಾಸಿಗೆ ಸೇರಿದೆ. ಹೆಸರು ಕೊಟ್ಟರೆ ಥಟ್ಟನೆ ಹುಡುಕಿಕೊಡುವ ಹ್ಯಾಶ್ ಮ್ಯಾಪ್ ಎಂಬ ಪಟ್ಟಿ ಬರೆಯುವ ಪಾಠಕ್ಕೆ ನಾನು ಫೋನ್ ಮಾಡುವವರ ಹೆಸರುಗಳನ್ನೇ ಹಾಕಿದೆ, ಆರೇ ಇದ್ದವು. ಪ್ರತಿ ಹೆಸರಿಗೂ ಒಂದು ಗೂಡು ನಿಗದಿಯಾಗುತ್ತದೆ, ಅದು ತುಂಬಿದ್ದರೆ ಪಕ್ಕದ್ದು; ಹುಡುಕುವುದೂ ಅದೇ ಕ್ರಮದಲ್ಲಿ. ಕಮಲಾಪುರದ ಗೆಳೆಯನಿಗೂ ಅಕ್ಕನಿಗೂ ಒಂದೇ ಗೂಡು ಬಂದದ್ದರಿಂದ ಅಕ್ಕ ಪಕ್ಕದ್ದಕ್ಕೆ ಹೋಗಿದ್ದಳು.

ಗೆಳೆಯ ಹಿಂದಿನ ತಿಂಗಳು ತೀರಿಕೊಂಡಿದ್ದ. ಅವನ ಹೆಸರನ್ನು ಅಳಿಸಿದೆ. ಆಮೇಲೆ ಅಕ್ಕನನ್ನು ಹುಡುಕಿದರೆ ‘ಇಲ್ಲ’ ಎಂದು ಬಂತು.

“ಕಾಕಾ, ಖಾಲಿ ಗೂಡು ಕಂಡ್ರ ಹುಡುಕೋದು ಅಲ್ಲೇ ನಿಂತುಬಿಡ್ತದ್ರಿ,” ಎಂದಳು ಕಲಿಸುವ ಹುಡುಗಿ. “ಇಲ್ಲಿ ಒಬ್ರು ಇದ್ರು ಅಂತ ಗುರುತು ಇಡ್ರಿ. ಆಗ ದಾಟಿ ಮುಂದ ಹೋಗ್ತದ.”

ಗುರುತು ಇಟ್ಟೆ. ಅಕ್ಕ ಸಿಕ್ಕಳು.

ಅವನು ಹೋದಾಗಿನಿಂದ ನಾನು ಯಾರಿಗೂ ಫೋನ್ ಮಾಡಿರಲಿಲ್ಲ. ಕ್ಲಾಸಿನ ಮೆಟ್ಟಿಲ ಮೇಲೆ ಕುಳಿತು ಅಕ್ಕನಿಗೆ ಮಾಡಿದೆ.

“ಏನಪಾ,” ಎಂದಳು, “ನಾ ಇನ್ನಾ ಇದ್ದೀನಂತ ನೆನಪಾತೇನು?”