ಒಳಗೆ ಬರಲೇ, ಟೀಚರ್?

ಇವತ್ತು ಬೆಳಿಗ್ಗೆ ಸೌತೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡೆ. ಈಳಿಗೆಮಣೆಯ ಕಾಲದವಳು ನಾನು. ಮಗಳು ಆನ್‌ಲೈನ್‌ನಲ್ಲಿ ತರಿಸಿದ ಚಾಕುವಿಗೆ ನನ್ನ ಮೇಲೆ ಅಷ್ಟು ಗೌರವವಿಲ್ಲ. ನಲ್ಲಿಯ ಕೆಳಗೆ ಬೆರಳು ಹಿಡಿದು, ಒಂದು ಚಿಟಿಕೆ ಅರಿಸಿನ ಒತ್ತಿದೆ. ರಕ್ತಕ್ಕೆ ಬೆರೆತ ಅರಿಸಿನದ ವಾಸನೆ ನಿಮಗೂ ಗೊತ್ತಿರಬಹುದು. ನನಗೆ ಅದು ಮೂಗಿಗೆ ಬಂದರೆ ಸಾಕು, ವಡಾಲದ ನಮ್ಮ ಕನ್ನಡ ಶಾಲೆಯ ಎರಡನೇ ತರಗತಿಯ ಬಾಗಿಲು ಕಣ್ಣೆದುರು ಬಂದು ನಿಲ್ಲುತ್ತದೆ.

ಅಲ್ಲಿ ನಾನು ಟೀಚರ್ ಆಗಿದ್ದೆ. ಮಗಳು ಮೇಘನಾಳನ್ನೂ ಅಲ್ಲಿಗೇ ಸೇರಿಸಿದ್ದೆ. ಎರಡನೇ ತರಗತಿಗೆ ಬಂದಾಗ ನನ್ನ ಕೈಗೇ ಸಿಕ್ಕಳು. ಮೊದಲ ದಿನವೇ ಕಟ್ಟಳೆ ಹಾಕಿದೆ: ಗೇಟಿನ ತನಕ ಅಮ್ಮ, ಗೇಟು ದಾಟಿದರೆ ಟೀಚರ್. ಆಂಟಾಪ್ ಹಿಲ್‌ನ ಮನೆಯಿಂದ ನನ್ನ ಕೈ ಹಿಡಿದು ಹರಟುತ್ತ ಬಂದವಳು ಗೇಟಿನಲ್ಲಿ ಕೈ ಬಿಟ್ಟು, ಆಗಷ್ಟೇ ನನ್ನನ್ನು ಕಂಡವಳಂತೆ “ನಮಸ್ತೆ ಟೀಚರ್” ಅನ್ನುತ್ತಿದ್ದಳು. ನನಗೆ ಪಕ್ಷಪಾತದ ಮಾತು ಬಂದೀತೆಂಬ ಭಯ. ಒತ್ತಕ್ಷರ ಬಿಟ್ಟರೆ ಉಳಿದವರಿಗೆ ಅರ್ಧ ಅಂಕ ಕಡಿತ, ಇವಳಿಗೆ ಒಂದು. ಇಂಥ ನ್ಯಾಯಾಧೀಶೆ ಸ್ಟಾಫ್‌ರೂಮಿಗೆ ಬೇಕಾಗಿತ್ತೋ ಇಲ್ಲವೋ, ನಾನಂತೂ ಆಗಿಬಿಟ್ಟಿದ್ದೆ.

ಇನ್ನೊಂದು ಕಟ್ಟಳೆ ಎಲ್ಲ ಮಕ್ಕಳಿಗೂ ಇತ್ತು. ಹೊಸ್ತಿಲಲ್ಲಿ ನಿಂತು “ಒಳಗೆ ಬರಲೇ, ಟೀಚರ್?” ಎಂದು ಕೇಳಬೇಕು. ಮನೆಯಲ್ಲಿ ಹಿಂದಿ, ಮರಾಠಿ ಆಡುವ ಮಕ್ಕಳ ಬಾಯಲ್ಲಿ ತಪ್ಪಿಲ್ಲದೆ ಬರುತ್ತಿದ್ದ ಕನ್ನಡ ವಾಕ್ಯ ಅದೊಂದೇ. ಅದರ ಬಗ್ಗೆ ನನಗೆ ಬಹಳ ಜಂಭ.

ಒಂದು ದಿನ ಊಟದ ಬಿಡುವಿನಲ್ಲಿ ಶಾಹೀನ್ ಎಂಬ ಹುಡುಗಿ ಮೊಣಕಾಲು ತರಚಿಕೊಂಡು ಅಳುತ್ತ ಬಂದಳು. ನೀರಿನ ನಲ್ಲಿಯ ಹತ್ತಿರ ಓಡುವಾಗ ಜಾರಿ ಬಿದ್ದಿದ್ದಳು. ಮನೆಯಲ್ಲೇ ಮರೆತ ಡಬ್ಬಿ ಕೊಡಲು ಬಂದಿದ್ದ ಅವಳ ತಾಯಿಯೂ ಅಲ್ಲೇ ಇದ್ದರು. ವಿಜಯಪುರದ ಕಡೆಯವರು; ಹೊಲಿಗೆ ಕೆಲಸ ಮಾಡುತ್ತಿದ್ದ ಅವರನ್ನು ಮಕ್ಕಳೆಲ್ಲ ಅಮ್ಮಿ ಅನ್ನುತ್ತಿದ್ದರು. ನಾನು ಮೇಜಿನ ಡ್ರಾಯರ್‌ನ ಅರಿಸಿನ ತೆಗೆದು ಶಾಹೀನಳ ಗಾಯಕ್ಕೆ ಹಚ್ಚುತ್ತಿದ್ದೆ. ಪಕ್ಕದಲ್ಲಿ ಏನೇನೋ ದೂರು ಹೊತ್ತ ಇನ್ನಿಬ್ಬರು ಸಾಲುಗಟ್ಟಿದ್ದರು.

“ಒಳಗೆ ಬರಲೇ, ಟೀಚರ್?”

ಧ್ವನಿ ಯಾರದೆಂದು ಗೊತ್ತಾಯಿತು. ಗೊತ್ತಾದದ್ದಕ್ಕೇ ತಲೆ ಎತ್ತಲಿಲ್ಲ. “ಬಾ, ಸಾಲಿನಲ್ಲಿ ನಿಲ್ಲು” ಎಂದೆ. ಬಂದು ನಿಂತಳು. ಮೂರನೆಯವಳು.

ನೋಡಿದ್ದು ಅಮ್ಮಿ. “ಯಾ ಅಲ್ಲಾ! ಟೀಚರ್, ನಮ್ಮಾಕಿದ್ ಬರೇ ಮೊಣಕಾಲ ಕೆತ್ತೇತ್ರಿ. ನಿಮ್ಮ ಕೂಸಿನ ಗದ್ದ ನೋಡ್ರಿ ಮೊದ್ಲ!” ಶಾಹೀನಳ ಜೊತೆಗೇ ಇವಳೂ ಬಿದ್ದಿದ್ದಳು. ಗದ್ದಕ್ಕೆ ಒತ್ತಿ ಹಿಡಿದ ಕರ್ಚೀಫು ಪೂರ್ತಿ ಕೆಂಪಾಗಿತ್ತು. ನಾನು ಅರಿಸಿನದ ಚಿಟಿಕೆ ಹಿಡಿದುಕೊಂಡೇ ಎದ್ದೆ. ಅಮ್ಮಿಯೇ ಅವಳನ್ನು ಎತ್ತಿಕೊಂಡು ಹೊರಗೆ ಓಡಿ ಟ್ಯಾಕ್ಸಿ ನಿಲ್ಲಿಸಿದರು.

ಟ್ಯಾಕ್ಸಿ ಆಸ್ಪತ್ರೆಯತ್ತ ಹೊರಟಿತು; ಹೊಲಿಗೆ ಹಾಕಿಸಬೇಕಾದೀತು ಎಂದರು ಅಮ್ಮಿ. ಗೇಟು ಎಷ್ಟೋ ಹಿಂದೆ ಉಳಿದಿತ್ತು. ಆದರೂ ನನ್ನ ತೊಡೆಯ ಮೇಲಿಂದ ಸಣ್ಣ ದನಿ ಬಂತು: “ಟಾಂಕಾ ಹಾಕಿದ್ರೆ ದುಖ್ತದಾ, ಟೀಚರ್?”

“ಅಮ್ಮ ಅನ್ನು ಪುಟ್ಟಾ. ಶಾಲೆಯಿಂದ ಹೊರಗೆ ಬಂದಿದ್ದೀವಿ.”

“ಯೂನಿಫಾರ್ಮ್ ಇದೆಯಲ್ಲ.”

ಆಗ ಅತ್ತುಬಿಟ್ಟೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ಅಮ್ಮಿ ಬೆನ್ನು ಸವರಿ, “ಅಳಬ್ಯಾಡ್ರಿ. ಹುಡುಗಿ ಭಾಳ ಶಾಣ್ಯಾಕಿ ಅದಾಳ. ನೀವ ಸ್ವಲ್ಪ ದಡ್ಡ್ ಅದೀರಿ” ಎಂದರು. ನನ್ನ ಇಡೀ ನೌಕರಿಯಲ್ಲಿ ಬಂದ ಅತ್ಯಂತ ಸರಿಯಾದ ವರದಿ ಅದು. ಮೂರು ಹೊಲಿಗೆ ಬಿದ್ದ ಮೇಲೆ ಮಗಳಿಗೆ ಹೊಸ ಕಟ್ಟಳೆ ಹೇಳಿದೆ: “ರಕ್ತ ಬರುವಾಗ ಕೇಳಬಾರದು. ಸೀದಾ ಒಳಗೆ ಬಂದುಬಿಡಬೇಕು.”

ಮರುದಿನ ಶಾಲೆಯ ಅಪಘಾತದ ಪುಸ್ತಕ ತುಂಬಿಸಬೇಕಿತ್ತು. ‘ಪಾಲಕರಿಗೆ ತಕ್ಷಣ ತಿಳಿಸಲಾಯಿತು’ ಎಂದು ರೂಢಿಯಂತೆ ಬರೆದು, ಶಿಕ್ಷಕಿಯ ಜಾಗದಲ್ಲೊಂದು, ಪಾಲಕರ ಜಾಗದಲ್ಲೊಂದು ಸಹಿ ಹಾಕಿದೆ. ಆಮೇಲೆ ‘ತಕ್ಷಣ’ವನ್ನು ಹೊಡೆದುಹಾಕಿದೆ.

ಮೇಘನಾ ಈಗ ಹನ್ನೆರಡನೇ ತರಗತಿ. ಕೆಲವು ತಿಂಗಳಿಂದ ಅವಳ ಕೋಣೆಯ ಬಾಗಿಲು ಮುಚ್ಚಿರುತ್ತದೆ. ತಟ್ಟಿದರೆ “ಆಮೇಲೆ ಅಮ್ಮಾ” ಅನ್ನುತ್ತಾಳೆ. ನಾನು ತಿರುಗಿ ಬರುತ್ತೇನೆ. ಅವಳು ನನ್ನಿಂದ ದೂರವಾಗುತ್ತಿದ್ದಾಳೆಂದು ಒಳಗೊಳಗೇ ಭಯ. ಇವತ್ತು ಅರಿಸಿನಕ್ಕೂ ರಕ್ತ ನಿಲ್ಲಲಿಲ್ಲ. ಬಾಗಿಲ ಮುಂದೆ ಹೋಗಿ ನಿಂತು, “ಒಳಗೆ ಬರಲೇ?” ಎಂದೆ.

ಬಾಗಿಲು ತೆರೆದಳು, ಬೆರಳು ನೋಡಿದಳು. “ರಕ್ತ ಬರುವಾಗ ಕೇಳಬಾರದು ಅಂತ ನೀವೇ ಅಲ್ವಾ ಹೇಳಿದ್ದು, ಟೀಚರ್?”

ಮಂಚದ ಮೇಲಿನ ಪುಸ್ತಕಗಳನ್ನು ಸರಿಸಿ ಕೂರಿಸಿದಳು. ಪಟ್ಟಿ ಸುತ್ತಲು ಬಗ್ಗಿದಾಗ ಗದ್ದದ ಕೆಳಗಿನ ಬಿಳಿ ಗೆರೆ ನನ್ನ ಕಣ್ಣೆದುರಿಗೇ ಇತ್ತು. “ಅವತ್ತು ನಿನ್ನನ್ನು ಸಾಲಿನಲ್ಲಿ ನಿಲ್ಲಿಸಬಾರದಿತ್ತು ಕಣೇ” ಎಂದೆ. ಇಷ್ಟು ವರ್ಷಗಳಲ್ಲಿ ಈ ಮಾತು ಬಾಯಿಗೆ ಬಂದದ್ದು ಮೊದಲ ಸಲ.

“ನಂದು ಮೂರನೇ ನಂಬರ್ ಇತ್ತು” ಎಂದಳು. ಆಮೇಲೆ ಪಟ್ಟಿಯ ತುದಿಯನ್ನು ಮೆತ್ತಗೆ ಒತ್ತಿದಳು.

ಎದ್ದು ಬರುವಾಗ ಅಭ್ಯಾಸದಂತೆ ಬಾಗಿಲು ಎಳೆದುಕೊಳ್ಳಹೋದೆ.

“ಇರಲಿ ಬಿಡು ಅಮ್ಮಾ” ಎಂದಳು, ಪುಸ್ತಕದಿಂದ ತಲೆ ಎತ್ತದೆ.